ಸೋರೆಬುರುಡೆ

ಮೋಪ್ತಿಯ ಧಕ್ಕೆ ಆಗಲೇ ಕಣ್ಣಿಗೆ ಮರೆಯಾಗಿತ್ತು.
ನೈಜರ್ ನದಿಗೆ ಎದುರಾಗಿ ಹುಟ್ಟು ಹಾಕುತ್ತಿದ್ದವಳು ನಾನು.
ಅಜ್ಜಿ ಕುಂಬಾ ಕೆಂಡದ ಮುಂದೆ, ಚಹಾ ಕೆಟಲಿನೊಂದಿಗೆ.
ಒಣಮೀನಿನ ಏಳು ಚೀಲ. ತಳದಲ್ಲಿ ಎಂದಿನ ಒಸರು.
ಮೊಗೆದು ಚೆಲ್ಲೋಣವೆಂದು ಕೈ ಚಾಚಿದರೆ
ಬುರುಡೆ ಇಲ್ಲ.

ಮರಳು ಹೇರಿದ ದೊಡ್ಡ ದೋಣಿ ಪಕ್ಕದಲ್ಲೇ ಹಾದು
ನಾವು ವಾಲಿದೆವಲ್ಲ, ಆ ಹುಣಸೆಮರದ ಹತ್ತಿರ,
ಅಲ್ಲೇ ಬಿದ್ದಿರಬೇಕು. ಆಗ ಮೊದಲ ಲೋಟಕ್ಕೆ
ನೀರಿಟ್ಟಿದ್ದಳು ಅಜ್ಜಿ. ಈಗ ಎರಡನೆಯದಕ್ಕೆ ಇಡುತ್ತಿದ್ದಾಳೆ.

ದಡದಲ್ಲಿ ಕತ್ತೆಯ ಮೈ ತೊಳೆಯುತ್ತಿದ್ದವನು ಕೂಗಿದ:
"ಮರೆತುಬಿಡು ತಂಗಿ, ಕೊನ್ನಾ ಸೇರಿರುತ್ತೆ!"
ನಾನು ಹುಟ್ಟನ್ನು ನೀರಿಗೆ ಬಡಿದೆ. ಅಜ್ಜಿ ತಡೆದಳು.
"ಅದು ಎಲ್ಲಿಗೂ ಹೋಗಿಲ್ಲ ಕಣೆ. ಬಿದ್ದ ನೀರಲ್ಲೇ ಕೂತಿದೆ.
ದೂರ ಬಂದವರು ನಾವು.
ಒಂದು ಲೋಟದ ಹೊತ್ತು ಬಂದೆ,
ಒಂದು ಲೋಟದ ಹೊತ್ತು ತಿರುಗಿ ಹೋಗು, ಅದೇ ತೋಳಲ್ಲಿ.
ಅವಸರ ಮಾಡಿದರೆ ನನ್ನ ಲೆಕ್ಕ ಕೆಡುತ್ತೆ."

ಹುಣಸೆಮರ ಬಂತು, ಹೋಯಿತು. ಬುರುಡೆಯ ಸುಳಿವಿಲ್ಲ.
ಅಜ್ಜಿ ಮರದ ಕಡೆ ನೋಡಲೂ ಇಲ್ಲ;
ಕೆಟಲನ್ನು ತಲೆಯೆತ್ತರಕ್ಕೆ ಎತ್ತಿ, ಓಡುವ ದೋಣಿಯಲ್ಲಿ,
ಎರಡು ಬೆರಳಗಲದ ಲೋಟಕ್ಕೆ ಸುರಿಯುತ್ತಿದ್ದಳು.
ಒಂದು ಹನಿ ಆಚೆ ಬೀಳಲಿಲ್ಲ.
ನೊರೆ ಅಂಚಿಗೆ ಬರುವಾಗ
ದೋಣಿಯ ಪಕ್ಕೆಗೆ ಟೊಕ್ ಎಂದು ಏನೋ ತಾಗಿತು.

ನಾಲ್ಕು ವರ್ಷದ ಮೇಲೆ ಸೆವಾರೆಯ ಶಾಲೆಯಲ್ಲಿ
ಗಿಂಡೊ ಮೇಷ್ಟ್ರು ಇದನ್ನೇ ಕೇಳಿದರು. ಬುರುಡೆಯ ಬದಲು ಟೊಪ್ಪಿ.
ದೋಣಿಯ ವೇಗ, ನದಿಯ ವೇಗ, ಕೂಡಿ, ಕಳೆದು
ಕರಿಹಲಗೆ ತುಂಬಿತು. ಕೊನೆಗೆ ನದಿಯ ವೇಗ
ಎರಡೂ ಕಡೆಯಿಂದ ಹೊಡೆದುಹೋಯಿತು.
ಎಲ್ಲರೂ ಬರೆದುಕೊಂಡರು. ನನಗೆ ಮಾತ್ರ ಅಳು ಬಂದಂತಾಯಿತು:
ಅಷ್ಟು ದೊಡ್ಡ ನದಿ,
ಸೀಮೆಸುಣ್ಣದ ಎರಡು ಗೀಟಿಗೆ.

ಮೊನ್ನೆ ಜನಗಣತಿಯವನು ಬಂದಿದ್ದ.
ನೀರು ಏರಿದರೆ ಒಂದು ಕಡೆ, ಇಳಿದರೆ ಇನ್ನೊಂದು ಕಡೆ,
ಮೀನಿನ ಹಿಂದೆ ಹೋಗುವ ನಾವು
ನಿಂತಲ್ಲಿ ನಿಲ್ಲದವರು ಎಂದು ಅವನಿಗೆ ಯಾರೋ ಹೇಳಿದ್ದರು.
ದೋಣಿಯಲ್ಲೇ ಕೂತು, ತೊಡೆಯ ಮೇಲೆ ಫಾರಂ ಬಿಡಿಸಿದ.
"ಕಾಯಂ ವಿಳಾಸ?"
ಅಜ್ಜಿ ಚಹಾ ಕೊಟ್ಟಳು.
ಹಗ್ಗ ಯಾರು ಬಿಚ್ಚಿದರೋ.
ಅವನು ಲೋಟ ಬರಿದು ಮಾಡಿ ತಲೆಯೆತ್ತಿ ನೋಡುತ್ತಾನೆ:
ಧಕ್ಕೆ, ಅಂಗಡಿಸಾಲು, ಮಣ್ಣಿನ ಮಸೀದಿ, ತನ್ನ ಮೋಟರ್‌ಸೈಕಲ್ಲು,
ಎಲ್ಲ ಒಟ್ಟಾಗಿ, ಸದ್ದಿಲ್ಲದೆ,
ಎಲ್ಲಿಗೋ ಹೊರಟಿವೆ.