ಗುತ್ಯಮ್ಮನ ಕೈ

ಮೊದಲ ಅನುಮಾನ ನಲ್ಲಿಯ ಮೇಲೆ;
ತುಂಗೆಗೆ ಹೊಸನೀರು ಬಂದಿತ್ತು, ಕೆಂಪಗೆ.
ನಲ್ಲಿಯ ಬಾಯಿಗೆ ಹತ್ತಿಕಡ್ಡಿ ಹಾಕಿ ತಿರುವಿ
ತಟ್ಟೆಗೆ ಸವರಿ, ಮುಚ್ಚಿ, ತಾರೀಖು ಬರೆದೆ.
ಆಮೇಲೆ ಸಿಂಕು, ಮಂಚದ ಸರಳು, ಉಸಿರಿನ ಕೊಳವೆ,
ಡಾಕ್ಟರ ಕೊರಳಿನ ಸ್ಟೆತಾಸ್ಕೋಪು.
ಅದನ್ನು ಮಾತ್ರ ತಲೆ ತಗ್ಗಿಸಿ ಕೇಳಿದೆ.

ಶಿವಮೊಗ್ಗೆಯ ಆ ಐಸಿಯುವಿನಲ್ಲಿ ಹದಿನಾಲ್ಕು ಮಂಚ.
ರಿಪ್ಪನ್‌ಪೇಟೆಯ ಬಸ್ ಕಂಡಕ್ಟರ್,
ಹೆರಿಗೆಯಾಗಿ ಮೂರೇ ದಿನದ ಆಯನೂರಿನ ಹುಡುಗಿ.
ಹೊತ್ತು ತಂದ ಕಾಯಿಲೆ ಬೇರೆ ಬೇರೆ,
ಐದನೇ ದಿನ ಹಿಡಿದ ಜ್ವರ ಒಂದೇ.

ಮೀಟಿಂಗಿಗೆ ಕಾಫಿ ಬಂತು, ಒಂದು ಹೆಸರೂ ಬಂತು:
"ನೆಲ ಒರೆಸ್ತಾಳಲ್ಲ, ಗುತ್ಯಮ್ಮ. ಅವಳ ಕೈ ನೋಡಿ."
ನೋಡಿದೆ.
ಫಿನಾಯಿಲಿಗೆ ಬೆಂದ ಬೆರಳು, ಉಗುರ ಬುಡದಲ್ಲಿ ಬಿರುಕು.
ಛಡಿ ಏಟಿಗೆ ಕೈಯೊಡ್ಡುವ ಮಗುವಿನ ಹಾಗೆ
ಮುಖ ಆಚೆ ತಿರುಗಿಸಿ, ತಟ್ಟೆಗೆ ಐದೂ ಬೆರಳು ಒತ್ತಿದಳು.
"ಕಾವಿಗಿಟ್ಟು ಎರಡು ದಿನ ಕಾಯಬೇಕು."
"ಕೋಳಿಮೊಟ್ಟೆಗಿಂತ ಬೇಗಾಯ್ತು ಬಿಡಿ."
ಎರಡು ದಿನವೂ ಕಾರಿಡಾರಿನಲ್ಲಿ ಕೂತಿದ್ದಳು, ಸಂಬಳವಿಲ್ಲದೆ.
ಬೆಳೆದದ್ದು ಎಲ್ಲರ ಚರ್ಮದಲ್ಲೂ ಇರುವ ಬಡಪಾಯಿ ಸಂಸಾರ,
ನಾವು ಹುಡುಕುತ್ತಿದ್ದುದಲ್ಲ.

ರಾತ್ರಿ ಚಾರ್ಟುಗಳನ್ನು ಹರಡಿ ಕೂತೆ.
ರೋಗಿಯ ಬಾಯಿ ಒರೆಸಿದ್ದಕ್ಕೆ ಒಂದೊಂದು ಟಿಕ್ಕು.
ಸಿಸ್ಟರ್ ಬೆನೆಡಿಕ್ಟಾ ಒಂದನ್ನೂ ತಪ್ಪಿಸಿದವರಲ್ಲ.
ಮಾತು ನಿಂತ ಬಾಯಿಗಳನ್ನು ನಾಲ್ಕು ಗಂಟೆಗೊಮ್ಮೆ
ಗುಲಾಬಿ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ
ಒಸಡು, ನಾಲಗೆಯಡಿ, ಕೆನ್ನೆಯೊಳಗೆ.
ಅವರ ಏಳು ಮಂಚದಲ್ಲಿ ಐದಕ್ಕೆ ಜ್ವರ.
ಆಚೆ ಸಾಲಿನ ಹುಡುಗ,
ಬಾಟಲಿ ಮುಟ್ಟದೆ ಟಿಕ್ಕು ಹಾಕಿ ಮೊಬೈಲು ನೋಡುವವನು,
ಅವನ ಕಡೆ ಒಂದೂ ಇಲ್ಲ.

ಸ್ಟೋರಿನಿಂದ ಸೀಲೊಡೆಯದ ಬಾಟಲಿ ತರಿಸಿದೆ.
ಮುಚ್ಚಳ ಟಿಕ್ ಅಂದಿತು. ಪುದೀನ ವಾಸನೆ.
ಲೇಬಲ್ಲಿನ ಮೇಲೆ ದಪ್ಪಕ್ಷರ: ನಂಜುನಿವಾರಕ.
ಎರಡನೇ ಬೆಳಗ್ಗೆ ತಟ್ಟೆಯ ತುಂಬ
ಒತ್ತೊತ್ತಾಗಿ, ಹೊಳೆಯುತ್ತ,
ಮದ್ದನ್ನೇ ಉಂಡು ಬೆಳೆದ ನಂಜು.

ಬ್ಯಾಚ್ ನಂಬರು ಮೇಲಕ್ಕೆ ಹೋಯಿತು, ಪೆಟ್ಟಿಗೆಗಳು ವಾಪಸು ಹೋದವು.
ಕಂಪನಿಯವನು ಟೈ ಕಟ್ಟಿ ಬಂದು
"ಫ್ಯಾಕ್ಟರಿಯ ನೀರಿನ ಪೈಪು, ಸಣ್ಣದೊಂದು ಲೋಪ" ಅಂದ.
ಆಯನೂರಿನ ಹುಡುಗಿಯ ಮಂಚಕ್ಕೆ ಆಗಲೇ ಬೇರೆ ಹಾಸು.

ಬೆನೆಡಿಕ್ಟಾ ಲ್ಯಾಬಿನ ಬಾಗಿಲವರೆಗೆ ಬಂದು
"ನಾನು ಸರಿಯಾಗೇ ಒರೆಸಿದ್ದೆ, ಅಲ್ವಾ?" ಅಂದರು.
"ಸರಿಯಾಗೇ, ಸಿಸ್ಟರ್."
ಅದಕ್ಕಿಂತ ಕೆಟ್ಟ ಉತ್ತರ ನನ್ನ ಬಳಿ ಇರಲಿಲ್ಲ.

ಗುತ್ಯಮ್ಮನ ಹತ್ತಿರ ಯಾರೂ ತಪ್ಪಾಯ್ತು ಅನ್ನಲಿಲ್ಲ,
ನಾನೂ.
ನನ್ನ ಮೇಜಿನಡಿ ಒರೆಸುತ್ತ ಕೇಳಿದಳು:
"ನನ್ ತಟ್ಟೆ ಎಸೆದ್ರಾ?"
ಎಸೆದಿರಲಿಲ್ಲ. ಮುಚ್ಚಳ ತೆಗೆಯದೆ ಕೊಟ್ಟೆ.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು,
ಐದು ಬೆರಳಿದ್ದಲ್ಲಿ ಬಿಳಿ ಬಿಳಿ ಚುಕ್ಕಿ.
"ರಂಗೋಲಿಗೆ ಇಟ್ಟಂಗದೆ, ಎಳೆ ಎಳೆಯೋದೊಂದು ಬಾಕಿ,"
ಅಂದು, ತಟ್ಟೆ ಕೆಳಗಿಟ್ಟು,
ಕೈ ತೊಳೆಯಲು ಹೋದಳು.