ಮುಂಗಡ

ಮೇಗರವಳ್ಳಿ ದಾಟಿದ್ದೇ ತಡ
ಬಾಯಲ್ಲಿ ನೀರು.
ಹಸಿವಿನದ್ದಲ್ಲ, ಇದು ಬೇರೆ ನೀರು,
ತೆಳ್ಳಗೆ, ಉಪ್ಪುಪ್ಪು.
ಬರಲಿರುವ ಹುಳಿಗೆ ಹಲ್ಲು ಚಳಿಯದಿರಲೆಂದು
ಬಾಯಿ ತಾನೇ ಮಾಡಿಕೊಳ್ಳುವ ಸಾರಣೆ.

ಘಾಟಿ ಇನ್ನೂ ಶುರುವೇ ಆಗಿಲ್ಲ.
ಕಂಡಕ್ಟರ್ ವಿಠ್ಠಲ ಪೂಜಾರಿ ನನ್ನ ಮುಖ ನೋಡಿ
ಕೇಳದೆಯೇ ಒಂದು ಕವರು ಕೊಟ್ಟ.
ಅವನಿಗೂ ನೆನಪಿದೆ.

ಮೂರು ವರ್ಷದ ಹಿಂದೆ
ಇಪ್ಪತ್ತೊಂದು ದಿನಕ್ಕೊಮ್ಮೆ, ಇದೇ ಎಡಗಡೆ ಕಿಟಕಿ,
ತೀರ್ಥಹಳ್ಳಿಯಿಂದ ಮಣಿಪಾಲ. ಎಂಟು ಸಲ.
ಕೆಂಪು ಔಷಧಿ ಹನಿಹನಿಯಾಗಿ ನರಕ್ಕಿಳಿದು
ಮೊದಲ ಸಲ ವಾಂತಿಯಾದದ್ದು ಮನೆಗೆ ಬಂದ ಮೇಲೆ, ರಾತ್ರಿ.
ಎರಡನೇ ಸಲ ಸೂಜಿ ಕಂಡಾಗ.
ಮೂರಕ್ಕೆ, ಸಿಸ್ಟರ್ ಜೆಸಿಂತಾ ಕೈಗೆ ಸವರಿದ ಸ್ಪಿರಿಟ್ಟಿನ ವಾಸನೆಗೆ.
ನಾಲ್ಕಕ್ಕೆ ಲಿಫ್ಟಿನಲ್ಲಿ.
ಆಮೇಲೆ ಹೆಬ್ರಿ. ಆಮೇಲೆ ಸೋಮೇಶ್ವರ.
ಕೊನೆಕೊನೆಗೆ ಏಳನೇ ತಿರುವು.
ಒಳಗಿದ್ದವಳು ಯಾರೋ
ಅಷ್ಟು ದೊಡ್ಡ ಆಸ್ಪತ್ರೆಯನ್ನು ಸೊಂಟಕ್ಕೆತ್ತಿಕೊಂಡು
ನನ್ನ ಮನೆ ಕಡೆ ನಡೆದು ಬರುತ್ತಿದ್ದಳು.

ಡಾಕ್ಟರು ಹೇಳಿದ್ದರು:
ಪೆಟ್ಟು ಬೀಳಲಿ ಅಂತ ಮೈ ಕಾಯುವುದಿಲ್ಲಮ್ಮ,
ಮೊದಲೇ ಲೆಕ್ಕ ಹಾಕಿಟ್ಟಿರುತ್ತದೆ.
ನೀವು ಹಾಸಿಗೆ ಬಿಟ್ಟೇಳುವಷ್ಟರಲ್ಲಿ ರಕ್ತ ತಲೆಗೆ ಹೊರಟಿರುತ್ತದೆ,
ಒಗ್ಗರಣೆ ಸದ್ದಿಗೇ ಹೊಟ್ಟೆ ತನ್ನ ಒಲೆ ಹೊತ್ತಿಸಿರುತ್ತದೆ.
ಕೊಟ್ಟ ಮುಂಗಡ ವಾಪಸು ಕೇಳಲು ಅದಕ್ಕೆ ಬರುವುದಿಲ್ಲ.
(ಇದು ಅವರು ಹೇಳಿದ್ದಲ್ಲ, ನಾನು ಸೇರಿಸಿದ್ದು.)

ಈಗ ಹೊರಟಿರುವುದು ನಾದಿನಿ ಮಗಳ ನಿಶ್ಚಿತಾರ್ಥಕ್ಕೆ.
ಮತ್ತೆ ಬೆಳೆದು ಗುಂಗುರಾದ ಕೂದಲು, ಅದಕ್ಕೆರಡು ಮೊಳ ಅಬ್ಬಲಿಗೆ,
ಮಡಿಲಲ್ಲಿ ಉಡುಗೊರೆಯ ಸ್ಟೀಲು ಡಬ್ಬಿ.
ಎಂತದೂ ಇಲ್ಲ ಮಾರಾಯ್ತಿ, ಊಟಕ್ಕೆ ಹೋಗ್ತಿರೋದು,
ಹೋಳಿಗೆ ಮಾಡಿಸಿದ್ದಾರಂತೆ,
ಅಂದೆ ಹೊಟ್ಟೆಗೆ.
ಕೇಳಿಸಿಕೊಂಡರೆ ತಾನೆ!
ಒಂದು ಸಲ ನೆರೆ ಕಂಡವಳು ಅವಳು.
ಮೋಡ ಕವಿದರೆ ಸಾಕು,
ಅಕ್ಕಿ ಡಬ್ಬ, ಹಾಸಿಗೆ ಸುರುಳಿ, ರೇಷನ್ ಕಾರ್ಡು
ಎಲ್ಲ ಅಟ್ಟಕ್ಕೆ.
ಮಳೆ ಬಾರದೆ ಹೋದರೆ ನಗುವವರು ನಗಲಿ.
ನಾನು ಬೈಯುವುದಿಲ್ಲ.
ಆ ಎಂಟು ಸಲವೂ
ನನಗಿಂತ ಮೊದಲು ಎದ್ದು ಕೂತವಳು ಅವಳೊಬ್ಬಳೇ.

ಏಳನೇ ತಿರುವು.
ಡ್ರೈವರು ಸ್ಟೇರಿಂಗ್ ತಿರುಗಿಸುವ ಮುನ್ನವೇ
ಬಸ್ಸಿನವರೆಲ್ಲ ಒಟ್ಟಿಗೆ ಬಲಕ್ಕೆ ವಾಲಿದರು,
ನಿದ್ದೆ ಹೋದವರೂ.
ಬಾಯಿ ನಿಧಾನ ಒಣಗಿತು.

ಕವರು ಖಾಲಿಯೇ ಇದೆ.
ಮಡಚಿ ಪರ್ಸಿಗಿಟ್ಟುಕೊಂಡೆ,
ವಾಪಸು ಬರುವಾಗ
ಬೇಕಾಗಬಹುದು.