ಬಣ್ಣ: ಕಕ್ಕಡ ಹದಿನೆಂಟು

ವಿರಾಜಪೇಟೆ ಆಸ್ಪತ್ರೆಯ ಲ್ಯಾಬಿಗೆ
ಇವತ್ತು ಬೆಳಿಗ್ಗೆ ಒಬ್ಬ ಹುಡುಗ, ಬ್ಯಾಂಕಿಗೆ ಹೊಸದಾಗಿ ಬಂದವನು,
ಪೇಪರಿನಲ್ಲಿ ಸುತ್ತಿದ ಸೀಸೆ ಮುಂದಿಟ್ಟು
ಬಾಗಿಲ ಕಡೆ ನೋಡಿ ಪಿಸುಗುಟ್ಟಿದ:
ರಕ್ತ ಹೋಗ್ತಿದೆ ಮೇಡಂ.

ಕ್ಯಾಲೆಂಡರ್ ನೋಡಿದೆ. ಆಗಸ್ಟ್ ನಾಲ್ಕು.
ನಿನ್ನೆ ಯಾರ ಮನೆಯಲ್ಲಿ ಊಟ?
ಪಾಯಸ ನೇರಳೆ ಬಣ್ಣ ಇತ್ತಾ?

ನಗು ಬಂತು. ನಗುತ್ತಲೇ ಹಿಂದೆ ತಿರುಗಿದೆ
ಬೊಳ್ಳಮ್ಮಕ್ಕನಿಗೆ ಹೇಳಲು.

ಸ್ಟೂಲಿನ ಮೇಲೆ ಗ್ಲೌಸಿನ ಡಬ್ಬ.

ಎರಡು ವರ್ಷದ ಹಿಂದೆ, ಗದಗಿನಿಂದ ಬಂದ ಡಾಕ್ಟರು
ಅಕ್ಕ ತಂದ ಮದ್ದುಪಾಯಸ ಮೂರು ಲೋಟ ಕುಡಿದು
ಮರುದಿನ ತಮ್ಮ ಚೀಟಿ ತಾವೇ ಬರೆದುಕೊಂಡು
ಇಲ್ಲೇ ನಿಂತಿದ್ದರು,
ಉಯಿಲು ಬರೆಯಲು ಹೊರಟವರ ಮುಖದಲ್ಲಿ.
ಅಕ್ಕ ನಗಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಹೂಂ ಅಂದು,
ವರದಿ ತುಂಬಿದಳು:
ಬಣ್ಣ: ಕಕ್ಕಡ ಹದಿನೆಂಟು.
ಉಳಿದದ್ದು: ಸುಖ.

ಅದೇ ಮೈಕ್ರೋಸ್ಕೋಪು. ಮಲೇರಿಯಾ ಹುಡುಕಿ ಮುಗಿದ ಮೇಲೆ
ಅದರಡಿ ಪತಂಗದ ರೆಕ್ಕೆ, ಕಾಫಿ ಹೂವಿನ ಪರಾಗ,
ಒಮ್ಮೆ, ನನ್ನ ನಿಶ್ಚಿತಾರ್ಥ ಮುರಿದ ವಾರ,
ಗಾಜಿನ ಮೇಲೆ ಒಣಗಿದ ನನ್ನ ಕಣ್ಣೀರು.
ಬಾ, ಉಪ್ಪಿನ ಹರಳು ನೋಡು,
ಎಷ್ಟು ಚೆಂದ ಅತ್ತಿದ್ದೀಯ, ಅಂದಳು.

ಏಪ್ರಿಲಿನಲ್ಲಿ ಮಾತ್ರ ರಜೆ ಕೇಳುತ್ತಿದ್ದಳು.
ಹಾಕಿ ಮೈದಾನದಲ್ಲಿ ವಿಸಿಲು ಕಚ್ಚಿ ಓಡಲು, ಐವತ್ತಮೂರರ ಮಂಡಿಯಲ್ಲಿ.
ತವರು ಒಕ್ಕದ ಹುಡುಗನಿಗೇ ಕಾರ್ಡು ತೋರಿಸಿ
ಆ ವರ್ಷದ ಎಲ್ಲ ಮದುವೆಗಳಲ್ಲೂ ಬೈಸಿಕೊಂಡಳು,
ಪಂದಿಕರಿ ಎರಡನೇ ಸಲ ಹಾಕಿಸಿಕೊಳ್ಳುತ್ತಾ.
ಗಾಳಿಗೆ ಬಿದ್ದ ಕೊಂಬೆಗಳಿಂದ ಸೀತಾಳೆ ಬಿಡಿಸಿ ತಂದು
ಲ್ಯಾಬಿನ ಹಿಂದಿನ ಪೇರಲೆ ಮರಕ್ಕೆ
ರಕ್ತ ತೆಗೆಯುವ ಹಳೇ ರಬ್ಬರ್ ಪಟ್ಟಿಯಿಂದ ಕಟ್ಟುತ್ತಿದ್ದಳು.
ಈಗಲೂ ಇವೆ. ಈ ತಿಂಗಳಲ್ಲಿ ಅವು ಬರೀ ಎಲೆ.

ತಿತಿಮತಿ ಹಾಡಿಯ ಮಕ್ಕಳು ಸೂಜಿ ಕಂಡು ಚೀರಿದರೆ
ಕೈ ಉಜ್ಜಿ ಬಿಸಿ ಮಾಡಿಕೊಂಡು ಕೇಳುವಳು:
ಅಳಿಲಿಗೆ ನಿಮ್ಮ ಭಾಷೇಲಿ ಏನಂತೀರಿ? ಮಿಂಚುಹುಳಕ್ಕೆ?
ಮಗು ಪದ ಹುಡುಕಿ ತರುವಷ್ಟರಲ್ಲಿ
ಹತ್ತಿ ಒತ್ತಿ ಆಗಿರುತ್ತಿತ್ತು.
ಬರೀ ಉಪಾಯ ಅಂದುಕೊಂಡಿದ್ದೆ.
ಡ್ರಾಯರಿನಲ್ಲಿ ಮೂರು ನೋಟ್‌ಬುಕ್ ಸಿಕ್ಕವು,
ಪ್ರತಿ ಪದದ ಎದುರು ಹೇಳಿದ ಮಗುವಿನ ಹೆಸರು.

ಮೇ ಕೊನೆಗೆ ಅವಳ ರಕ್ತ ನಾನೇ ತೆಗೆದೆ.
ನಿನ್ನ ಕೈ ತಣ್ಣಗಿದೆ, ಉಜ್ಜಿಕೋ, ಅಂದಳು.
ಬಿಳಿ ಕಣ ಎಣಿಸಿದೆ. ಮತ್ತೆ ಎಣಿಸಿದೆ.
ಮೂರನೇ ಸಲಕ್ಕೆ ಹೆಗಲು ಮುಟ್ಟಿ,
ಸಾಕು, ಬರಿ.
ಜುಲೈ ದಾಟಲಿಲ್ಲ.

ಹುಡುಗ ಕಾಯುತ್ತಿದ್ದಾನೆ. ಹೊರಗೆ ಜನ ಸಾಲು ಹಿಡಿದಿದೆ,
ಛತ್ರಿಗಳಿಂದ ನೀರಿಳಿದು ವರಾಂಡ ಪೂರ್ತಿ ಒದ್ದೆ.
ಬಣ್ಣ ಎಂಬಲ್ಲಿ ಬರೆದೆ.
ಉಳಿದದ್ದು ಎಂಬಲ್ಲಿಗೆ ಬಂದು
ಪೆನ್ನು ಕೆಳಗಿಟ್ಟು
ಕೈ ಉಜ್ಜಿಕೊಂಡೆ.